ದೋಸ್ತಗ, ನಿನ್ನ ಕಾಗದಪತ್ರದ ವಿಷಯ

ದೋಸ್ತಾ,

ಜರ್ಮನಿಯಿಂದ ಮುಖತ್ಯಾರ ಪತ್ರ ಹೆಂಗ ಕಳಸೂದು ಅಂತ ನೀ ಕೇಳಿ ಮೂರು ವಾರ ಆತು. ಫೋನಿನಾಗ ಹೇಳಿದ್ರ ಅರ್ಧಾ ಕೇಳಿ ‘ಹ್ಞೂಂ ಹ್ಞೂಂ’ ಅಂತಿ, ಅದಕ್ಕ ಬರಿಯಾಕ ಕುಂತೀನಿ. ಎಲ್ಲಾರಿಗೂ ಕಾಣೂಹಂಗ ಹಾಕಿದೆ ಅಂತ ಸಿಟ್ಟಾಗಬ್ಯಾಡ. ಹೊರದೇಶಕ್ಕ ಹೋದ ನಮ್ಮ ಕಡೀ ಹುಡುಗರು ರಜಾಕ್ಕ ಬಂದಾಗ ಇದ ಪ್ರಶ್ನೆ ಹಿಡಕೊಂಡು ನಮ್ಮ ಆಫೀಸಿಗೆ ಬರ್ತಾರ. ಬರೂದರಾಗ ಭಾಳ ಮಂದೀದು ಕೆಲಸ ಕೆಟ್ಟಿರತೈತಿ. ಅವರೂ ಓದಲಿ. ಛತ್ರಿ ವಿಷಯ ಇಲ್ಲೆ ಎತ್ತಂಗಿಲ್ಲ, ಮಾತು ಕೊಟ್ಟೀನಿ.

ಮೊದಲ ಪತ್ರ. ನೀ ಕಳಿಸಿದ ಇಂಗ್ಲೀಷ್ ಮಾದರಿ ಬ್ಯಾಡ. ಅದು ಜನರಲ್ ಪವರ್, ಅದರಾಗ ಹೊಲ ಮಾರೂ ಅಧಿಕಾರನೂ ಕುಂತೈತಿ. ನನ್ನ ಮ್ಯಾಲ ನಿನಗ ಎಷ್ಟ ನಂಬಿಗಿ ಇದ್ರೂ ಮಾರೂ ಅಧಿಕಾರ ಯಾರಿಗೂ ಕೊಡಬ್ಯಾಡ, ನನಗೂ ಕೊಡಬ್ಯಾಡ. ನಿನಗ ಬೇಕಾಗಿದ್ದು ಸ್ಪೆಶಲ್ ಪವರ್: ನಿಮ್ಮಪ್ಪಾರ ಹೆಸರಿನ ನವಲಗುಂದದ ಹೊಲಕ್ಕ ವಾರಸಾ ಅರ್ಜಿ ಕೊಡೂದು, ನೋಟಿಸು ತಗೊಳ್ಳೂದು, ಉತಾರ (ಪಹಣಿ) ತಗಸೂದು, ಬೆಳಿವಿಮಾ ತುಂಬೂದು. ಇಷ್ಟ. ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆ ಉತಾರದಾಗ ಹೆಂಗ ಐತಿ ಹಂಗ ಬರೀಬೇಕು. ಕರಡು ನಾನ ಮಾಡಿ ಕಳಸ್ತೀನಿ. ನೀ ಸಾದಾ ಕಾಗದದ ಮ್ಯಾಲ ಎರಡು ಪ್ರತಿ ತಗದು, ಸಹಿ ಮಾಡದ ಒಯ್ಯಿ. ಮನಿಯಾಗ ಸಹಿ ಮಾಡಿ ಒಯ್ದವರನ್ನ ವಾಪಸ್ ಕಳಸ್ತಾರ, ಯಾಕಂದ್ರ ಸಹಿ ಅಧಿಕಾರಿ ಎದುರಿಗೆ ಆಗಬೇಕು. ಬರ್ಲಿನ್ನಿನಾಗ ರಾಯಭಾರ ಕಚೇರಿ ಐತಿ, ಫ್ರಾಂಕ್‌ಫರ್ಟ್, ಮ್ಯೂನಿಕ್, ಹ್ಯಾಂಬರ್ಗಿನಾಗ ಕಾನ್ಸುಲೇಟ್ ಅದಾವು. ನೀ ಇರೂ ರಾಜ್ಯ ಯಾವ ಕಚೇರಿಗೆ ಹತ್ತತೈತೋ ಅಲ್ಲೇ ಹೋಗಬೇಕು. ಅಸಲು ಪಾಸ್‌ಪೋರ್ಟ್, ಊರಿನ ವಾಸ ನೋಂದಣಿ ಚೀಟಿ, ನಿಂದೂ ನಂದೂ ಫೋಟೋ ಇಟ್ಕೊ. ಇಬ್ಬರು ಸಾಕ್ಷಿದಾರರನ್ನೂ ಮೊದಲ ಹೇಳಿ ಇಟ್ಟಿರು.

ಅಸಲು ಪತ್ರ ಕೊರಿಯರ್ ಮಾಡು. ಅದು ಇಲ್ಲೆ ಮುಟ್ಟಿದ ದಿನದಿಂದ ಮೂರು ತಿಂಗಳ ಒಳಗ ಜಿಲ್ಲಾ ನೋಂದಣಿ ಅಧಿಕಾರಿ ಕಚೇರಿಯಾಗ ಸ್ಟಾಂಪ್ ಹಚ್ಚಿಸಬೇಕು. ಹೊರದೇಶದಾಗ ಆದ ಕಾಗದಕ್ಕ ಕಾಯ್ದೆ ಕೊಟ್ಟ ಅವಧಿ ಅದು. ದಾಟಿದ್ರ ದಂಡ ಬೀಳತೈತಿ, ನಾಡಕಚೇರಿಯಾಗ ಪತ್ರ ಒಪ್ಪಂಗಿಲ್ಲ. ಎಂದು ಮುಟ್ಟಿತು ಅನ್ನೂದಕ್ಕ ಪುರಾವೆ ಕೊರಿಯರ್ ಲಕೋಟಿ. ಅದನ್ನ ಹರದು ಒಗಿಯೂ ಮಂದಿ ಭಾಳ. ನಾ ಪಿನ್ ಹೊಡದು ಇಡ್ತೀನಿ.

ಹೆಸರಿನ ತಂಟೆ ಇನ್ನೊಂದು ಐತಿ. ಉತಾರದಾಗ ನಿಮ್ಮಪ್ಪಾರು ಈರಪ್ಪ, ನಿನ್ನ ಪಾಸ್‌ಪೋರ್ಟಿನಾಗ ತಂದಿ ಹೆಸರು ವೀರಪ್ಪ. ನಮ್ಮ ಮಂದಿಗೆ ಎರಡೂ ಒಂದ, ಕಂಪ್ಯೂಟರಿಗೆ ಅಲ್ಲ. ಪತ್ರದಾಗ ‘ಈರಪ್ಪ ಉರ್ಫ್ ವೀರಪ್ಪ’ ಅಂತ ಬರದು, ಇಬ್ಬರೂ ಒಬ್ಬರ ಅಂತ ಇಲ್ಲೆ ಒಂದು ಅಫಿಡವಿಟ್ ಮಾಡಸೂಣು. ಉತಾರ ಕೈಗೆ ಬಂದ ಕೂಡಲೆ ಮೂರು ಕಾಲಂ ನೋಡು. ಒಂಬತ್ತರಾಗ ಮಾಲೀಕರ ಹೆಸರು, ಹನ್ನೊಂದರಾಗ ಬೋಜಾ ಅಂದ್ರ ಹೊಲದ ಮ್ಯಾಲಿನ ಸಾಲದ ಭಾರ, ಹನ್ನೆರಡರಾಗ ಸಾಗುವಳಿ ಮಾಡೂವರು ಮತ್ತ ಬೆಳಿ. ಹೊಲ ಲಾವಣಿಗೆ ಕೊಟ್ಟು ಹೊರಗ ಹೋದವರು ಹನ್ನೆರಡನೇದನ್ನ ನೋಡೂದ ಇಲ್ಲ. ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆಯಾಗ ಹೊಲ ಗೇಣಿಗೆ ಕೊಡಾಕ ಬರಂಗಿಲ್ಲ, ಆದ್ರ ಊರಾಗ ಎಲ್ಲಾರೂ ಬಾಯಿಮಾತಿನ್ಯಾಗ ಕೊಟ್ಟಿರ್ತಾರ. ಹತ್ತು ವರ್ಷ ಬ್ಯಾರೆಯವರ ಹೆಸರು ಆ ಕಾಲಮಿನ್ಯಾಗ ಬಂದ್ರ ತಕರಾರಿಗೆ ಬೀಜ ಬಿತ್ತಿದಂಗ.

ನಿಮ್ಮವ್ವಾರ ತವರಿನ ಮೂರು ಎಕರೆ ವಿಷಯಕ್ಕ ಬರ್ತೀನಿ. ಅದನ್ನ ಈಗ ನಿನ್ನ ಹೆಸರಿಗೆ ದಾನಪತ್ರ ಮಾಡಬೇಕು ಅನ್ನೂದು ಅವರ ಮನಸ್ಸು. ಹಂಗ ಮಾಡಾಕ ಬರಂಗಿಲ್ಲ. ವಿದೇಶಿ ವಿನಿಮಯ ಕಾಯ್ದೆ, ಫೆಮಾ ಅಂತಾರಲ್ಲ, ಅದರ ಪ್ರಕಾರ ಹೊರದೇಶದಾಗ ನೆಲಸಿದವರು ಇಲ್ಲೆ ಹೊಲ, ತೋಟ, ಫಾರ್ಮ್‌ಹೌಸ್ ಖರೀದಿ ಮಾಡೂಹಂಗಿಲ್ಲ, ದಾನ ತಗೊಳ್ಳೂಹಂಗೂ ಇಲ್ಲ. 2020ರಾಗ ರಾಜ್ಯದ ಭೂಸುಧಾರಣಾ ಕಾಯ್ದೆ ತಿದ್ದಿ, ಹೊಲ ಯಾರು ತಗೋಬಹುದು ಅನ್ನೂ ನಿರ್ಬಂಧದ 79ಎ, 79ಬಿ ಕಲಮು ತಗದ ಮ್ಯಾಲ ‘ಈಗ ಯಾರ ಬೇಕಾದ್ರೂ ಹೊಲಾ ತಗೋಬಹುದು’ ಅಂತ ಏಜೆಂಟರು ಹೇಳ್ತಾರ. ಅದು ಇಲ್ಲೆ ಇದ್ದವರಿಗೆ ಖರೆ, ನಿನಗ ಅಲ್ಲ. ಫೆಮಾ ದಿಲ್ಲಿ ಕಾಯ್ದೆ, ಅದು ಹಂಗ ಐತಿ. ವಾರಸಾದಿಂದ ಬಂದದ್ದಕ್ಕ ಮಾತ್ರ ತಡಿ ಇಲ್ಲ. ಆದ್ದರಿಂದ ದಾನಪತ್ರ ಬಿಟ್ಟು ಮೃತ್ಯುಪತ್ರ ಮಾಡಸೂಣು. ಇಬ್ಬರು ಸಾಕ್ಷಿ ಸಾಕು, ಸ್ಟಾಂಪ್ ಬೇಕಿಲ್ಲ, ನೋಂದಣಿ ಕಡ್ಡಾಯ ಅಲ್ಲ. ಆದ್ರೂ ನಾವು ನೋಂದಣಿ ಮಾಡಸೂಣು. ಅವ್ವಾರಿಗೆ ಮೆಟ್ಟಲಾ ಹತ್ತಾಕ ಆಗದಿದ್ರ ಅರ್ಜಿ ಕೊಟ್ಟು, ಫೀ ತುಂಬಿ, ಸಬ್ ರಿಜಿಸ್ಟ್ರಾರನ್ನ ಮನಿಗೆ ಕರಸಾಕ ಕಾಯ್ದೆಯಾಗ ಅವಕಾಶ ಐತಿ. ಮುಂದ ಆ ಹೊಲ ನೀ ಮಾರೂದಾದ್ರ ಭಾರತದಾಗ ನೆಲಸಿದ ಭಾರತೀಯರಿಗೆ ಮಾತ್ರ.

ಬ್ಯಾಂಕಿಂದು ಚುಟುಕು ಹೇಳ್ತೀನಿ. ನಿನ್ನ ಹಳೇ ಉಳಿತಾಯ ಖಾತೆ ಇನ್ನೂ ಹಂಗ ನಡದೈತಿ, ಅದು ತಪ್ಪು. ಅದನ್ನ ಎನ್‌ಆರ್‌ಓ, ಅಂದ್ರ ಹೊರದೇಶದಾಗ ಇದ್ದವರ ಇಲ್ಲಿನ ಗಳಿಕಿ ಇಡೂ ಖಾತೆ, ಮಾಡಿಸು. ಕಡಲಿ ಮಾರಿದ ರೊಕ್ಕ, ಮನಿ ಬಾಡಿಗಿ ಎಲ್ಲಾ ಅದಕ್ಕ ಬರಲಿ. ಅಲ್ಲಿಂದ ಕಳಸೂ ಪಗಾರಕ್ಕ ಬ್ಯಾರೆ ಎನ್‌ಆರ್‌ಇ ಖಾತೆ ತಗಿ, ಅದರ ಬಡ್ಡಿಗೆ ಇಲ್ಲೆ ತೆರಿಗಿ ಇಲ್ಲ. ಎನ್‌ಆರ್‌ಓ ಬಡ್ಡಿಗೆ 30 ಪರ್ಸೆಂಟ್ ಮತ್ತ ಸೆಸ್ ಹಿಡೀತಾರ. ಜರ್ಮನಿ ತೆರಿಗಿ ಕಚೇರಿಯಿಂದ ವಾಸದ ಸರ್ಟಿಫಿಕೇಟ್ ತಂದು ಕೊಟ್ರ ಎರಡು ದೇಶದ ಒಪ್ಪಂದದ ಪ್ರಕಾರ ಅದು 10ಕ್ಕ ಇಳೀತೈತಿ. ಇಲ್ಲಿನ ಸಿಮ್ ರೀಚಾರ್ಜ್ ತಪ್ಪಸಬ್ಯಾಡ. ಆ ನಂಬರು ಹೋದ್ರ ಒಟಿಪಿ ಹೋತು, ಒಟಿಪಿ ಹೋದ್ರ ಆಧಾರ್, ಬ್ಯಾಂಕ್ ಎರಡೂ ಬಾಗಲಾ ಹಾಕ್ತಾವು.

ಅವ್ವಾರು ಬ್ಯಾಂಕಿನ ಕೆಲಸಕ್ಕ ನನ್ನ ಹೆಸರಿಗೆ ಒಂದು ಪತ್ರ ಬರದಾರ, ನಿನಗ ಗೊತ್ತೈತಿ. ಅದನ್ನ ನಂಬಿ ಕೂಡಬ್ಯಾಡ. 1872ರ ಕರಾರು ಕಾಯ್ದೆ 201ನೇ ಕಲಮಿನ ಪ್ರಕಾರ ಬರದುಕೊಟ್ಟವರು ತೀರಿಕೊಂಡ್ರ ಆ ಪತ್ರ ಅಲ್ಲಿಗೆ ಮುಗೀತು. ಬುದ್ಧಿ ಸ್ವಾಧೀನ ತಪ್ಪಿದ್ರೂ ಮುಗೀತು. ಅಂದ್ರ ಖರೇನ ಬೇಕಾಗೂ ಹೊತ್ತಿಗೆ ಅದು ಕೈಯಾಗ ಉಳಿಯಂಗಿಲ್ಲ. ಅವರ ಖಾತೆಗೆ ನಿನ್ನ ಹೆಸರು ಜೋಡಿಸು, ‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಅಂತ. ಹೊರದೇಶದಾಗಿರೂ ಮಗನ ಹೆಸರು ತಾಯಿ ಖಾತೆಗೆ ಸೇರಸಾಕ ರಿಸರ್ವ್ ಬ್ಯಾಂಕಿನ ನಿಯಮ ಒಪ್ಪತೈತಿ, ಕೌಂಟರಿನಾಗ ಇಲ್ಲಾ ಅಂದ್ರ ಮ್ಯಾನೇಜರ್ ಹತ್ರ ಹೋಗೂಣು.

ಈಗ ನಿನ್ನ ಬ್ಲೂ ಕಾರ್ಡ್, ಜರ್ಮನಿಯಾಗ ಇದ್ದು ಕೆಲಸ ಮಾಡೂ ಪರವಾನಿಗಿ. ಇದು ನನ್ನ ಆಫೀಸಿನ ವಿಷಯ ಅಲ್ಲ, ಆದ್ರ ನಿಮ್ಮಪ್ಪಾರ ಸಲ ಆದದ್ದು ಆದ ಮ್ಯಾಲ ನಾ ಇದನ್ನ ಕುಂತು ಓದೀನಿ. ಆಗ ನಿನ್ನ ಕಾರ್ಡ್ ಮುಗದಿತ್ತು, ನವೀಕರಣಕ್ಕ ಹಾಕಿದ ಅರ್ಜಿಗೆ ಕೈಯಾಗ ಬರೇ ಒಂದು ಈಮೇಲ್ ಇತ್ತು. ಬಂದ್ರ ತಿರುಗಿ ಒಳಗ ಬಿಡ್ತಾರೋ ಇಲ್ಲೋ ಅನ್ನೂದ ಗೊತ್ತಿರಲಿಲ್ಲ. ನೀ ಬರಲಿಲ್ಲ. ನಿನ್ನ ತಪ್ಪಲ್ಲ, ಆವತ್ತೂ ಹೇಳೀನಿ, ಈಗೂ ಹೇಳ್ತೀನಿ. ಆದ್ರ ಇನ್ನೊಮ್ಮೆ ಹಂಗ ಆಗಬಾರದು. ಕಾರ್ಡ್ ಮುಗಿಯೂ ಮೊದಲ ಅರ್ಜಿ ಹಾಕಬೇಕು, ಒಂದು ದಿನ ಮೊದಲ ಆದ್ರೂ ಸೈ. ಆಮ್ಯಾಲ ‘ಫಿಕ್ಸಿಯೋನ್ಸ್‌ಬೆಶೈನಿಗುಂಗ್’ ಅನ್ನೂ ತಾತ್ಕಾಲಿಕ ಚೀಟಿ ಕೇಳಿ ತಗೋ. ಅದರಾಗ ಯಾವ ಚೌಕಕ್ಕ ಗುರುತು ಹಾಕ್ಯಾರ ಅನ್ನೂದು ಮುಖ್ಯ. 81ನೇ ಕಲಮು, ನಾಲ್ಕನೇ ಉಪಕಲಮು ಅಂತ ಇದ್ರ ಹಳೇ ಪರವಾನಿಗಿ ಮುಂದುವರದಂಗ, ದೇಶ ಬಿಟ್ಟು ಹೋಗಿ ತಿರುಗಿ ಬರಬಹುದು. ಮೂರನೇದು ಇದ್ರ ಒಳಗ ಇರಬಹುದು ಅಷ್ಟ, ಹೊರಗ ಹೋದ್ರ ಅದರ ಮ್ಯಾಲ ತಿರುಗಿ ಬರಾಕ ಬರಂಗಿಲ್ಲ. ಕೊಡೂವಾಗ ಅಲ್ಲೇ ನಿಂತು ಓದು, ತಪ್ಪಿದ್ರ ಅಲ್ಲೇ ತಿದ್ದಸು.

ಅದಕ್ಕಿಂತ ಛಲೋ, ಕಾಯಂ ಪರವಾನಿಗಿ ತಗೊಂಡು ಬಿಡು. ಬ್ಲೂ ಕಾರ್ಡಿನವರಿಗೆ ಪಿಂಚಣಿ ವಂತಿಗಿ ಕಟ್ಟಿ 27 ತಿಂಗಳು ಕೆಲಸ ಆಗಿ, ಎ1 ಮಟ್ಟದ ಜರ್ಮನ್ ಇದ್ರ ಸಾಕು. ಬಿ1 ಇದ್ರ 21 ತಿಂಗಳಿಗೇ ಸಿಗತೈತಿ. ನಿಂದು ಎರಡೂ ದಾಟೈತಿ, ಪರೀಕ್ಷೆಗೆ ಮಾತ್ರ ಕೂತಿಲ್ಲ. ಅವ್ವಾರಿಗೆ ಆರಾಮ ಇಲ್ಲದ ಹೊತ್ತಿನ್ಯಾಗ ಬಂದು ಕೂಡೂ ಪ್ರಸಂಗ ಬಂದ್ರ ಇದೂ ನೆನಪಿರಲಿ: ಸಾದಾ ಪರವಾನಿಗಿ ಆರು ತಿಂಗಳು ಹೊರಗಿದ್ರ ರದ್ದಾಗತೈತಿ, ಬ್ಲೂ ಕಾರ್ಡಿಗೆ 12 ತಿಂಗಳು ಇರತೈತಿ.

ಅವರನ್ನ ಅಲ್ಲೇ ಕರಸೂ ಮಾತು ಆಡಿದ್ದಿ. 2024ರ ಮಾರ್ಚ್ 1ರ ನಂತರ ಮೊದಲ ಪರವಾನಿಗಿ ಸಿಕ್ಕವರಿಗೆ ಅಪ್ಪ-ಅವ್ವನ್ನ ಕರಸೂ ಹಾದಿ ತಗದಾರ, ನಿಂದು 2022ರದು, ಹತ್ತಂಗಿಲ್ಲ. ಬಂದು ಹೋಗೂದಾದ್ರ 180 ದಿನದಾಗ 90 ದಿನ. ಕನಿಷ್ಠ 30,000 ಯೂರೋ ವಿಮಾ ಬೇಕು. ಖರ್ಚು ನಿಂದ ಅಂತ ನಿಮ್ಮೂರಿನ ವಿದೇಶಿಯರ ಕಚೇರಿಯಾಗ ಬರದುಕೊಡೂ ಹೊಣೆಗಾರಿಕಿ ಪತ್ರಕ್ಕ 29 ಯೂರೋ. ಅವ್ವಾರು ಬರೂದಿಲ್ಲ ಅಂತಾರ. ಹಿತ್ತಲದ ಮಲ್ಲಿಗಿಗೆ ನೀರು ಯಾರು ಹಾಕ್ತಾರ ಅಂತ ಕೇಳ್ತಾರ.

ಪೌರತ್ವದ ಮಾತಿಗೆ ಒಂದು ಎಚ್ಚರಿಕಿ. 2024ರ ಜೂನ್ 27ರಿಂದ ಐದು ವರ್ಷಕ್ಕ ಕೊಡ್ತಾರ, ಹಳೇ ಪೌರತ್ವ ಬಿಡು ಅಂತ ಜರ್ಮನಿ ಕೇಳಂಗಿಲ್ಲ. ಆದ್ರ ನಮ್ಮ 1955ರ ಕಾಯ್ದೆ ಬಿಡೂದಿಲ್ಲ, ಅಲ್ಲಿಂದು ಕೈಗೆ ಬಂದ ಕ್ಷಣ ಇಲ್ಲಿಂದು ಹೋತು. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಓಸಿಐ ಕಾರ್ಡ್ (ಭಾರತದ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೂದು) ಬರೂ ತನಕ ನಡುವ ಕೆಲವು ವಾರ ಇರ್ತಾವು. ಆ ವಾರಗಳಾಗ ನಿನ್ನ ಸ್ವಂತ ಊರಿಗೆ ಬರಾಕ ನಿನಗ ವೀಸಾ ಬೇಕು. ಹೊಸಾ ಪಾಸ್‌ಪೋರ್ಟ್ ಬಂದ ವಾರನ ಒಂದು ಇ-ವೀಸಾ ತಗದಿಟ್ಕೊ, ಬೇಕಾಗಲಿ ಬಿಡಲಿ.

ಯಾಕ ಇಷ್ಟು ಒತ್ತಿ ಹೇಳಾಕತ್ತೀನಿ ಅಂದ್ರ, ಹೋದ ಸೋಮವಾರ ಬಿಪಿ ಗುಳಿಗಿ ಕೊಡಾಕ ಹೋಗಿದ್ದೆ. ಅವ್ವಾರು ಜ್ವಾಳಾ ಹಸನ ಮಾಡ್ತಾ ಕೇಳಿದ್ರು: ‘ಅವ ಅಲ್ಲಿಂದ ಇಲ್ಲಿಗೆ ಬರಾಕ ಎಷ್ಟು ತಾಸಪಾ?’ ನಾ ಲೆಕ್ಕಾ ಹಾಕಿ ಹೇಳಿದೆ. ಮನಿ ಬಿಟ್ಟು ವಿಮಾನ ಹತ್ತೂ ತನಕ ನಾಲ್ಕು, ಫ್ರಾಂಕ್‌ಫರ್ಟಿನಿಂದ ಬೆಂಗಳೂರಿಗೆ ಸೀದಾ ವಿಮಾನ ಸಿಕ್ಕರ ಒಂಬತ್ತು, ಇಳದು ಹೊರಗ ಬರಾಕ ಒಂದೂವರಿ, ರಸ್ತಾದ ಮ್ಯಾಲ ಧಾರವಾಡಕ್ಕ ಏಳೂವರಿ. ಇಪ್ಪತ್ತೆರಡು. ಅವ್ವಾರು ಮೊರಾ ಕೆಳಗ ಇಟ್ಟು, ‘ಹಂಗಾದ್ರ ಒಂದ ರಾತ್ರಿ ಕಾಯ್ರಿ. ಎರಡನೇದು ಬ್ಯಾಡ. ಅವಗ ನೀನ ಹೇಳು’ ಅಂದ್ರು. ಮತ್ತ ಜ್ವಾಳಾ ಹಸನ ಮಾಡಾಕ ಹತ್ತಿದ್ರು.

ನಮ್ಮಲ್ಲೆ ಹೆಂಗ ಅಂತ ನಿನಗ ಹೇಳಬೇಕಾಗಿಲ್ಲ. ಕೂಡಿಸಿ ಮಣ್ಣು ಮಾಡೂ ಪದ್ಧತಿ, ಅದಕ್ಕ ಜೀವ ಹೋದ ಎರಡು ಮೂರು ತಾಸಿನ್ಯಾಗ ಕೂಡಸಬೇಕು, ಮೈ ಸೆಟೆದ ಮ್ಯಾಲ ಆಗಂಗಿಲ್ಲ. ಫ್ರೀಜರ್ ಪೆಟ್ಟಿಗಿ ಬಾಡಿಗಿಗೆ ತರಬಹುದು, ಅದರಾಗ ಮಲಗಸಬೇಕು. ಕೂಡಸೂದೋ ಮಲಗಸೂದೋ, ಆ ಎರಡು ತಾಸಿನ್ಯಾಗ ಯಾರೋ ಒಬ್ಬರು ಹೇಳಬೇಕು. ನಿಮ್ಮಪ್ಪಾರ ಸಲ ಹಿರೇರೆಲ್ಲಾ ನನ್ನ ಮಾರಿ ನೋಡಿದ್ರು, ನಿನ್ನ ಫೋನ್ ನನ್ನ ಕೈಯಾಗ ಇತ್ತು ಅಂತ. ‘ಅವ ಬರಂಗಿಲ್ಲ, ಕೂಡಸ್ರಿ’ ಅಂತ ಹೇಳಿದವ ನಾನು. ನಿನ್ನ ಕೇಳಿ ಹೇಳೀನಿ, ಆದ್ರ ನಿನ್ನ ಮಾತು ಮುಗಿಯೂ ಮೊದಲ ಹೇಳೀನಿ. ಇದನ್ನ ನಿನಗ ಈ ತನಕ ಹೇಳಿರಲಿಲ್ಲ. ಈ ಪತ್ರದಾಗ ಬರೀಬೇಕು ಅಂತನೂ ಇರಲಿಲ್ಲ.

ಅದಕ್ಕ ಇಪ್ಪತ್ತೆರಡು ತಾಸಿಗೆ ಒಂದು ತಾಸೂ ಹೆಚ್ಚು ಆಗಬಾರದು. ಪಾಸ್‌ಪೋರ್ಟ್, ಚಾಲ್ತಿ ಇರೂ ಕಾರ್ಡ್, ಕೊನೇ ಗಳಿಗಿ ಟಿಕೆಟಿಗೆ ಸಾಲೂವಷ್ಟು ಮಿತಿ ಇರೂ ಕ್ರೆಡಿಟ್ ಕಾರ್ಡ್ ಮೂರೂ ಒಂದ ಚೀಲದಾಗ ಇಡು. ರಜಾದಾಗ ಐದು ದಿನ ಯಾವತ್ತೂ ಖರ್ಚು ಮಾಡದ ಉಳಿಸು. ಅಲ್ಲೆ ಕಾಯ್ದೆ ಪ್ರಕಾರ ವಾರಕ್ಕ ಐದು ದಿನ ಕೆಲಸದವರಿಗೆ ವರ್ಷಕ್ಕ ಕಮ್ಮಿ ಅಂದ್ರ 20 ದಿನ ಐತಿ, ಅಪ್ಪ-ಅವ್ವ ತೀರಿದ್ರ ಬ್ಯಾರೆ ರಜಾ ಎಷ್ಟು ಅನ್ನೂದು ನಿನ್ನ ಕರಾರಿನ್ಯಾಗ ನೋಡು. ರಾತ್ರಿ ಫೋನ್ ಬಂದ್ ಮಾಡಿ ಮಲಗಬ್ಯಾಡ, ನನ್ನ ನಂಬರಿಗೆ ಮಾತ್ರ ಗಂಟಿ ಬಾರಿಸೂಹಂಗ ಇಡು. ಮತ್ತ ಈ ಭಾನುವಾರ ಅವ್ವಾರ ಜೋಡಿ ನೀನ ಒಂದ್ಸಲ ಈ ಮಾತು ಆಡು. ನಾ ಹೇಳಿದ್ದಕ್ಕಿಂತ ನಿನ್ನ ಬಾಯಿಂದ ‘ಒಂದ ರಾತ್ರಿ, ತಿಳೀತವ್ವಾ’ ಅಂತ ಅವರು ಕೇಳಬೇಕು.

ಆತು. ವೈನಿಗೆ ಕೇಳೀನಿ ಅಂತ ಹೇಳು. ಮುಂದಿನ ತಿಂಗಳು ನಮ್ಮ ಪೈಕಿ ಹುಡುಗ ಒಬ್ಬ ಆ ಕಡೆ ಹೊಂಟಾನ, ಅವ್ವಾರು ಗಂಟು ಕಟ್ಟಾಕ ಶುರು ಮಾಡ್ಯಾರ. ತುಪ್ಪ ತಗಸೀನಿ, ಹೊರಗಿಂದ ಹಾಲಿನ ಪದಾರ್ಥ ಒಳಗ ಬಿಡಂಗಿಲ್ಲ. ಪೇಢೆನೂ ಖೋವಾದ್ದ ಅಲ್ಲಾ, ಅದನ್ನೂ ಇಟ್ಟಿಲ್ಲ, ಅದಕ್ಕ ಅವ್ವಾರು ನನ್ನ ಮ್ಯಾಲ ಎರಡು ದಿನ ಸಿಟ್ಟಾಗಿದ್ರು. ಹಸಿ ಕರಿಬೇವೂ ಬ್ಯಾಡ, ಒಣಗಿಸಿ ಪುಡಿ ಮಾಡ್ಯಾರ. ಖಡಕ್ ರೊಟ್ಟಿ ಐವತ್ತು, ಶೇಂಗಾ ಹಿಂಡಿ ಎರಡು ಕೇಜಿ, ಗುರೆಳ್ಳು ಹಿಂಡಿ ಒಂದು, ಬ್ಯಾಡಗಿ ಮೆಣಸಿನಕಾಯಿ ಪುಡಿ ಅರ್ಧಾ. ರೊಟ್ಟಿ ಡಬ್ಬಿಯಾಗ ಇಟ್ಟೀನಿ, ಇಲ್ಲಂದ್ರ ನಿನಗ ನುಚ್ಚು ಮುಟ್ಟತೈತಿ. ಪೇಢೆ ನೀ ಬಂದಾಗ ಲೈನ್ ಬಜಾರಿನಾಗ ನಿಂತು ತಿನ್ನೂಣು, ಛತ್ರಿನೂ ತರ್ತೀನಿ.

ಕರಡು ನಾಳೆ ಕಳಸ್ತೀನಿ. ಎರಡು ಸಲ ಓದು. ಸಹಿ ಮಾತ್ರ ಅಧಿಕಾರಿ ಎದುರಿಗೆ.

ನಿನ್ನ,
ಮೂರನೇ ಬೆಂಚಿನವ
ಧಾರವಾಡ