ಬಾಟಲಿ ನೋಡದ ಲೆಕ್ಕ

ಮಾನ್ಯ ಸಂಪಾದಕರೇ,

ಎಐ ಬಂದರೆ ಆಸ್ಪತ್ರೆ ಸಿಬ್ಬಂದಿಯ ಹೊರೆ ಇಳಿಯುತ್ತದೆ ಎಂದು ಈಚೆಗೆ ಎಲ್ಲೆಡೆ ಓದುತ್ತಿದ್ದೇನೆ. ‘ಬಂದರೆ’ ಏನು, ಬಂದಾಗಿದೆ. ನಮ್ಮ ಏಪ್ರನ್ ಜೇಬಿನಲ್ಲೇ ಇದೆ. ನಾನು ಹಾವೇರಿ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸ್. ಸರ್ಕಾರಿ ಕಾಗದದಲ್ಲಿ ಈಗ ಶುಶ್ರೂಷಾಧಿಕಾರಿ, ವಾರ್ಡಿನಲ್ಲಿ ಮಾತ್ರ ಅದೇ ಹಳೇ ‘ಸಿಸ್ಟರ್’.

ಒಂದು ರಾತ್ರಿ ಪಾಳಿಯ ಮಾತು ಹೇಳುತ್ತೇನೆ. ಎಂಟು ಕೆ.ಜಿ. ತೂಕದ ಕೂಸು, ಮೈ ಕಾದ ಹಂಚು. ಪ್ಯಾರಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂ.ನಂತೆ ಕೊಡಿ ಎಂದು ಬರೆದು ಡಾಕ್ಟರ್ ಹೆರಿಗೆ ಕೋಣೆಗೆ ಓಡಿದ್ದರು. ಅಂದರೆ 120 ಮಿ.ಗ್ರಾಂ. ಅದು ಎಷ್ಟು ಮಿ.ಲೀ. ಆಗುತ್ತದೆ? ಗುತ್ತಿಗೆ ಮೇಲೆ ಹೊಸದಾಗಿ ಸೇರಿದ ಹುಡುಗಿ ಮೊಬೈಲಿನ ಚಾಟ್‌ಬಾಟ್‌ಗೆ ಕೇಳಿದಳು. 3.75 ಮಿ.ಲೀ. ಎಂದಿತು. ಅವಳು ಕಪಾಟಿನಿಂದ ತೆಗೆದದ್ದು ಡ್ರಾಪ್ಸ್. ಡ್ರಾಪರಿನ ಗೆರೆ 1 ಮಿ.ಲೀ.ಗೇ ಮುಗಿಯುತ್ತದೆ. ಹೆಚ್ಚುಕಮ್ಮಿ ನಾಲ್ಕು ಸಲ ತುಂಬಿಸಬೇಕಲ್ಲ ಎಂದು ಅವಳ ಕೈ ನಿಂತಿತು. ‘ಅಕ್ಕಾ, ಸಣ್ಣ ಕೂಸಿಗೆ ಇಷ್ಟ ಹಾಕ್ತಾರೇನ್ರೀ?’ ಅಂದಳು. ಬಾಟಲಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಓದಿದೆವು. 1 ಮಿ.ಲೀ.ನಲ್ಲಿ 100 ಮಿ.ಗ್ರಾಂ. ಕೊಡಬೇಕಾದ್ದು 1.2 ಮಿ.ಲೀ. ಮೊಬೈಲ್ ಹೇಳಿದಂತೆ ಹಾಕಿದ್ದರೆ ಮೂರು ಪಟ್ಟು ಹೋಗುತ್ತಿತ್ತು.

ಗಮನಿಸಿ, ಯಂತ್ರದ ಗಣಿತ ತಪ್ಪಿರಲಿಲ್ಲ. ಅದು ಹಾಕಿದ್ದು ಅಮೆರಿಕದ ಸಿರಪ್ಪಿನ ಲೆಕ್ಕ. ಅಲ್ಲಿ ಮಕ್ಕಳ ಸಿರಪ್ 5 ಮಿ.ಲೀ.ಗೆ 160 ಮಿ.ಗ್ರಾಂ. ನಮ್ಮಲ್ಲಿ 120, 125ರದ್ದು ಇದೆ, 250ರದ್ದು ಇದೆ, ಡ್ರಾಪ್ಸ್ ಬೇರೆಯೇ. ‘160ರ ಸಿರಪ್ ಎಂದುಕೊಂಡು ಲೆಕ್ಕ ಹಾಕಿದ್ದೇನೆ’ ಎಂದು ಉತ್ತರದ ಬುಡದಲ್ಲಿ ಅದೂ ಬರೆದಿತ್ತು, ಸುಳ್ಳು ಹೇಳಬಾರದು. ಕೂಸು ಚೀರುತ್ತಿರುವಾಗ, ಅಜ್ಜಿ ಸೆರಗು ಹಿಡಿದು ಜಗ್ಗುತ್ತಿರುವಾಗ ಬುಡದವರೆಗೆ ಓದುವವರು ಯಾರು?

ಆ ಹುಡುಗಿಗೆ ನಾನು ಬೈಯಲಿಲ್ಲ. ನಾನು ಸೇರಿದ ಹೊಸತರಲ್ಲಿ ನಮ್ಮ ಹಿರಿಯ ಸಿಸ್ಟರ್ ಬಾಟಲಿಯ ಲೇಬಲ್ಲನ್ನು ಮೂರು ಸಲ ಓದಿಸುತ್ತಿದ್ದರು: ಕಪಾಟಿನಿಂದ ತೆಗೆಯುವಾಗ, ಅಳೆಯುವಾಗ, ತಿರುಗಿ ಇಡುವಾಗ. ಅದೂ ಬಾಯಿಬಿಟ್ಟು. ಈಗ ರಾತ್ರಿ ಎರಡು ವಾರ್ಡಿಗೆ ನಾವಿಬ್ಬರೇ. ನಾನು ಆ ಕಡೆ ಡ್ರಿಪ್ ಹಾಕುತ್ತಿದ್ದರೆ ಈ ಕಡೆ ಅವಳು ಯಾರನ್ನು ಕೇಳಬೇಕು? ಎರಡು ಗಂಟೆ ರಾತ್ರಿಯಲ್ಲಿ ‘ಇಷ್ಟೂ ಗೊತ್ತಿಲ್ವಾ’ ಎನ್ನದೆ ಉತ್ತರ ಕೊಡುವುದು ಆ ಮೊಬೈಲ್ ಒಂದೇ. ನಮ್ಮ ಹುಡುಗಿಯರು ಅದಕ್ಕೆ ಅಂಟಿಕೊಂಡಿರುವುದು ಅದು ಜಾಣ ಎಂದಲ್ಲ, ಬೈಯುವುದಿಲ್ಲ ಎಂದು. ಹಿರಿಯರಾದ ನಮಗೂ ಇದರಲ್ಲಿ ಪಾಲಿದೆ.

ನಾನೂ ಬಳಸುತ್ತೇನೆ. ಸಕ್ಕರೆ ಕಾಯಿಲೆಯವರಿಗೆ ಊಟದ ಪಟ್ಟಿ ಬರೆಸಿಕೊಂಡಿದ್ದೇನೆ. ಅನ್ನ ಬಿಡಿ, ಓಟ್ಸ್ ತಿನ್ನಿ ಎಂದು ಬರೆದುಕೊಟ್ಟಿತು. ರೊಟ್ಟಿ, ಪಲ್ಯ, ಮೊಳಕೆ ಕಾಳು ಎಂದು ತಿದ್ದಿದ್ದು ನಾನು. ಡಿಸ್ಚಾರ್ಜ್ ಚೀಟಿಯನ್ನು ಕನ್ನಡಕ್ಕೆ ಮಾಡು ಎಂದರೆ ತಲೆಬರಹವನ್ನೇ ‘ವಿಸರ್ಜನಾ ಸಾರಾಂಶ’ ಮಾಡಿತು. ಪ್ರಿಂಟ್ ತೆಗೆದು ಕೊಟ್ಟೂಬಿಟ್ಟೆ. ಮುದುಕರೊಬ್ಬರ ಮಗ ತಿರುಗಿಸಿ ಮುರುಗಿಸಿ ನೋಡಿ, ‘ಸಿಸ್ಟರ್, ಇದು ಅಪ್ಪನ ಸಂಡಾಸದ ರಿಪೋರ್ಟ್ ಏನ್ರೀ?’ ಎಂದ. ನಕ್ಕು ಮರೆಯುವ ತಪ್ಪು ಇದು.

ನಗಲಾಗದ್ದು ಇನ್ನೊಂದಿದೆ. ಡ್ಯೂಟಿ ಬದಲಾಗುವಾಗ ವರದಿ ಬರೆಯುವುದು ಬೇಸರದ ಕೆಲಸ. ಕೇಸ್‌ಶೀಟಿನ ಫೋಟೊ ಹೊಡೆದು ಹಾಕಿದರೆ ಚಾಟ್‌ಬಾಟ್ ಅರ್ಧ ನಿಮಿಷದಲ್ಲಿ ಅಚ್ಚುಕಟ್ಟಾಗಿ ಬರೆದುಕೊಡುತ್ತದೆ. ಒಮ್ಮೆ ಹಾಗೆ ಹಾಕಿದ್ದ ಫೋಟೊವನ್ನು ನಾನು ಕಣ್ಣಾರೆ ನೋಡಿದೆ. ಬಸುರಿ ಹೆಂಗಸಿನ ಹೆಸರು, ಗಂಡನ ಹೆಸರು, ಊರು, ಕೆಳಗೆ ಎಚ್‌ಐವಿ ರಕ್ತ ಪರೀಕ್ಷೆಯ ಸಾಲಿನಲ್ಲಿ ‘ರಿಯಾಕ್ಟಿವ್’, ಅಂದರೆ ಸೋಂಕಿನ ಸುಳಿವು. ಎಚ್‌ಐವಿ ಇದೆ ಎಂಬ ಸಂಗತಿಯನ್ನು ಆ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಬಯಲು ಮಾಡುವಂತಿಲ್ಲ ಎನ್ನುತ್ತದೆ 2017ರ ಎಚ್‌ಐವಿ ಕಾಯ್ದೆ. ವಾರ್ಡಿನಲ್ಲಿ ನಾವು ಅದನ್ನು ಪಿಸುಮಾತಿನಲ್ಲೂ ಹೇಳುವುದಿಲ್ಲ. ಗಂಡನ ಮನೆಯವರು ಕೇಳಿದರೆ ಮಾತು ಮರೆಸುತ್ತೇವೆ. ಅಂಥದ್ದು ಒಂದು ಬೆರಳಿನ ಒತ್ತಿಗೆ ಯಾರದೋ ಸರ್ವರಿಗೆ ಹೋಯಿತು. ಕಳಿಸಿದವಳಿಗೆ ಅದು ತಪ್ಪು ಅನ್ನಿಸಿಯೇ ಇರಲಿಲ್ಲ. ‘ಮನುಷ್ಯರು ಯಾರೂ ಓದಲ್ಲ ಅಕ್ಕಾ’ ಎಂದಳು. ಓದುವುದಿಲ್ಲ ಎಂದು ಅವಳಿಗೆ ಹೇಳಿದವರು ಯಾರು?

ಮಾರ್ಗಸೂಚಿಗಳು ಇಲ್ಲವೆಂದಲ್ಲ. ಆರೋಗ್ಯ ಕ್ಷೇತ್ರದ ಎಐ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲೇ ನೈತಿಕ ಮಾರ್ಗಸೂಚಿ ತಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2024ರ ಜನವರಿಯಲ್ಲಿ ಈ ಚಾಟ್‌ಬಾಟ್‌ಗಳ ಹಿಂದಿರುವ ದೊಡ್ಡ ಎಐ ಮಾದರಿಗಳ ಬಗ್ಗೆಯೇ ಬೇರೆಯಾಗಿ ಹೇಳಿದೆ. ಎರಡೂ ಇಂಗ್ಲಿಷಿನ ದಪ್ಪ ಪುಸ್ತಕಗಳು. ನಮ್ಮ ಗೋಡೆಯಲ್ಲಿ ಆಸ್ಪತ್ರೆಯ ಯಾವ ಕಸ ಯಾವ ಬಣ್ಣದ ಡಬ್ಬಿಗೆ ಎಂಬ ಚಾರ್ಟ್ ಇದೆ, ಹಳದಿ, ಕೆಂಪು, ಬಿಳಿ, ನೀಲಿ. ಅದು ಕನ್ನಡದಲ್ಲಿದೆ, ಆಯಾ ಕೂಡ ಓದುತ್ತಾಳೆ, ಹಾಗಾಗಿ ಪಾಲಿಸುತ್ತಾಳೆ. ರೋಗಿಯ ಹೆಸರನ್ನು ಎಲ್ಲೆಲ್ಲಿ ಟೈಪ್ ಮಾಡಬಾರದು ಎಂಬುದಕ್ಕೂ ಅಂಥ ಒಂದು ಹಾಳೆ ಸಾಕಿತ್ತು.

ಇಲಾಖೆ ದಯವಿಟ್ಟು ‘ಮೊಬೈಲ್ ನಿಷೇಧ’ ಎಂಬ ಸುತ್ತೋಲೆ ಹೊರಡಿಸದಿರಲಿ. ನಾವು ಶೌಚಾಲಯಕ್ಕೆ ಹೋಗಿ ಟೈಪ್ ಮಾಡುತ್ತೇವೆ, ಅಷ್ಟೇ. ಕೇಸ್‌ಶೀಟಿನ ಫೋಟೊ ಹಾಕಬಾರದು, ಡೋಸಿನ ಲೆಕ್ಕಕ್ಕೆ ಇಬ್ಬರ ಸಹಿ ಬೇಕು ಎಂಬೆರಡು ಸಾಲು ಕನ್ನಡದಲ್ಲಿ ಬರಲಿ. ಎರಡನೆಯ ಸಹಿ ಹಾಕಲು ರಾತ್ರಿ ಪಾಳಿಯಲ್ಲಿ ಇನ್ನೊಬ್ಬಳು ನರ್ಸ್ ಇರಲಿ. ಯಂತ್ರದ ಮಾತು ನಂಬಿ ತಪ್ಪಾದರೆ ಅಮಾನತಾಗುವುದು ಯಾರು ಎಂದೂ ಅದರಲ್ಲೇ ಬರೆಯಲಿ. ಉತ್ತರ ನಮಗೆ ಗೊತ್ತು, ಆದರೂ ಬರೆಯಲಿ.

ಆ ಡ್ರಾಪ್ಸ್ ಬಾಟಲಿಗಳಿಗೆ ಈಗ ಪ್ಲಾಸ್ಟರ್ ಅಂಟಿಸಿ ‘1 ಮಿ.ಲೀ. = 100’ ಎಂದು ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದಿದ್ದೇವೆ. ಬರೆದದ್ದು ಅದೇ ಹುಡುಗಿ. ಮುಂದಿನ ಇಂಡೆಂಟಿನಲ್ಲಿ (ಔಷಧಿ ಬೇಡಿಕೆ ಪಟ್ಟಿಯಲ್ಲಿ) ಬೇರೆ ಕಂಪನಿಯದು ಬಂದರೆ ಮತ್ತೆ ಓದಿ ಬರೆಯಬೇಕು.

– ಒಬ್ಬ ಶುಶ್ರೂಷಾಧಿಕಾರಿ, ಹಾವೇರಿ ಜಿಲ್ಲೆ
(ನೌಕರಿಯ ಕಾರಣಕ್ಕೆ ಹೆಸರು ಪ್ರಕಟಿಸಬಾರದಾಗಿ ವಿನಂತಿ)