ಮೊದಲ ಡಯೊರಾಮಾಕ್ಕೆ ಮುನ್ನ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಅಮ್ಮನ ಆಶೀರ್ವಾದಗಳು. ನಿನ್ನ ಮೊದಲ ಡಯೊರಾಮಾಕ್ಕೆ, ಎಂದರೆ ಪುಟ್ಟ ಮಾದರಿಗಳನ್ನು ಹಲಗೆಯ ಮೇಲೆ ಜೋಡಿಸಿ ಕಟ್ಟುವ ದೃಶ್ಯಕ್ಕೆ, ನೀನು ಕಳುಹಿಸಿದ ಪಟ್ಟಿಯನ್ನು ಸಾವಧಾನವಾಗಿ ಓದಿದೆ. ಎರಡು ಟ್ಯಾಂಕು, ಕುಸಿದ ಒಂದು ಮನೆ, ಹನ್ನೆರಡು ಮಂದಿ ಸೈನಿಕರು, ಒಂದು ಸೇತುವೆ, ಅದರ ಕೆಳಗೆ ಹರಿಯುವ ನೀರು. ಒಂದೊಂದೂ ಮಾಡಲು ಯೋಗ್ಯವಾದದ್ದೇ. ಆದರೆ ಇದು ಯಾವ ಊರು, ಯಾವ ವರ್ಷ, ಆ ಹನ್ನೆರಡು ಮಂದಿ ಅಲ್ಲಿ ಏನು ಮಾಡುತ್ತಿದ್ದಾರೆ ಎಂಬ ಮಾತು ಮಾತ್ರ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಅದು ತೀರ್ಮಾನವಾಗುವವರೆಗೆ ಮಾದರಿಯ ಬಿಡಿಭಾಗಗಳ ಕಿಟ್ಟಿಗೆ ದುಡ್ಡು ಹಾಕಬೇಡ, ಅಂಟಿನ ಬಾಟಲಿಯ ಮುಚ್ಚಳವನ್ನೂ ತೆಗೆಯಬೇಡ. ಯಾವ ಗಳಿಗೆಯನ್ನು ತೋರಿಸುತ್ತೀಯೆ ಎಂಬುದು ಗೊತ್ತಾದರೆ ಎಷ್ಟು ಸೈನಿಕರು, ಎಷ್ಟು ದೊಡ್ಡ ಹಲಗೆ, ಎಂಥ ಮಣ್ಣು, ಎಷ್ಟು ಧೂಳು ಎಂಬ ಪ್ರಶ್ನೆಗಳೆಲ್ಲ ತಾವಾಗಿಯೇ ಬಗೆಹರಿಯುತ್ತವೆ.

ಆಧುನಿಕ ಸೇನೆಯನ್ನೇ ಮಾಡಬೇಕು, ಅದೂ ನಮ್ಮ ಸೇನೆಯನ್ನೇ ಮಾಡಬೇಕು ಎಂಬ ನಿನ್ನ ಹಟ ನನಗೆ ಹಿಡಿಸಿತು. ಅದಕ್ಕೆ ಹೊಂದುವ ಒಂದು ದೃಶ್ಯವನ್ನು ನಾನು ಸೂಚಿಸುತ್ತೇನೆ. 2011ರ ಜುಲೈ ತಿಂಗಳ ಒಂದು ಸಾಮಾನ್ಯ ದಿನ. ಆಫ್ರಿಕಾದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಪೂರ್ವದ ಗಡಿಯಲ್ಲಿ, ಕಿವು ಸರೋವರದ ದಡದಲ್ಲಿರುವ ಗೋಮಾ ಪಟ್ಟಣದ ಹೊರವಲಯ. ರಸ್ತೆಯ ಬದಿಯಲ್ಲಿ ವಿಶ್ವಸಂಸ್ಥೆಯ ಬಿಳಿ ಬಣ್ಣ ಬಳಿದ ಭಾರತೀಯ ಸೇನೆಯ ಒಂದು ಬಿಎಂಪಿ-2 ಕವಚವಾಹನ ನಿಂತಿದೆ. ಗುಂಡಿನ ಸದ್ದಿಲ್ಲ, ಹೊಗೆಯಿಲ್ಲ. ಕಾವಲು ಮಾತ್ರ ಇದೆ.

ಯುದ್ಧವಿಲ್ಲದ ದೃಶ್ಯ ಸಪ್ಪೆಯಾಗುವುದಿಲ್ಲವೇ ಎಂದು ನೀನು ಕೇಳಬಹುದು. ನಮ್ಮ ಸೈನಿಕರು ಹೊರದೇಶಗಳಲ್ಲಿ ಕಳೆದ ದಿನಗಳಲ್ಲಿ ಇಂಥ ಕಾವಲಿನ ದಿನಗಳದ್ದೇ ದೊಡ್ಡ ಪಾಲು, ಮತ್ತು ಅದನ್ನು ಮಾದರಿಯಲ್ಲಿ ತೋರಿಸಿದವರು ಕಡಿಮೆ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೂ 1964ರಲ್ಲಿ ಸೈಪ್ರಸ್‌ನಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಹೊಣೆಯನ್ನು ಹೊತ್ತು, 1965ರ ಡಿಸೆಂಬರಿನಲ್ಲಿ ಆ ಕರ್ತವ್ಯದಲ್ಲಿರುವಾಗಲೇ ತೀರಿಕೊಂಡರು. ಅವರ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯವಾಗಿದೆ. ನೀಲಿ ಶಿರಸ್ತ್ರಾಣ ತೊಟ್ಟು ಶಾಂತಿ ಕಾಯುವ ಈ ಕೆಲಸ ನಮ್ಮ ನಾಡಿಗೆ ಹೊಸದಲ್ಲ.

ಇನ್ನು ವಾಹನದ ಮಾತು. ಬಿಎಂಪಿ-2 ಸೋವಿಯತ್ ವಿನ್ಯಾಸದ್ದು. ನಮ್ಮಲ್ಲಿ ಅದನ್ನು ಈಗಿನ ತೆಲಂಗಾಣದಲ್ಲಿರುವ ಮೇದಕ್ ಆಯುಧ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಸುಮಾರು 14 ಟನ್ ತೂಕ, 30 ಮಿಲಿಮೀಟರ್ ತೋಪು, ಮೂವರು ಚಾಲಕವರ್ಗ, ಹಿಂದಿನ ಕೋಣೆಯಲ್ಲಿ ಏಳು ಮಂದಿ ಕಾಲಾಳುಗಳು. ಟ್ರಂಪೀಟರ್ ಮತ್ತು ಜ್ವೆಜ್ದಾ ಕಂಪನಿಗಳು 1/35 ಅಳತೆಯಲ್ಲಿ, ಎಂದರೆ ನಿಜವಾದದ್ದರ 35ರಲ್ಲೊಂದು ಪಾಲಿನಲ್ಲಿ, ಇದರ ಕಿಟ್ ತಂದಿವೆ, ಯಾವುದು ಕೈಗೆ ಸಿಕ್ಕಿದರೂ ಆದೀತು. 1/72 ಅಳತೆ ಅಗ್ಗ, ಜಾಗವನ್ನೂ ಕಡಿಮೆ ಬೇಡುತ್ತದೆ, ಆದರೆ ಅದರಲ್ಲಿ ಮನುಷ್ಯ ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ ಎತ್ತರವಿರುತ್ತಾನೆ, ಅವನ ಮುಖದಲ್ಲಿ ಯಾವ ಭಾವವನ್ನೂ ತರಲಾಗದು. 1/35ರಲ್ಲಿ ಅವನು ಐದು ಸೆಂಟಿಮೀಟರ್ ಇರುತ್ತಾನೆ. ನಮ್ಮ ದೃಶ್ಯದಲ್ಲಿ ಮುಖಗಳೇ ಮುಖ್ಯವಾದುದರಿಂದ 1/35ನ್ನೇ ಆರಿಸಿಕೋ.

ಗೋಮಾವನ್ನೇ ಏಕೆ ಹೇಳಿದೆನೆಂದರೆ, ಅಲ್ಲಿನ ನೆಲ ಕಪ್ಪು. ಪಟ್ಟಣದ ಉತ್ತರಕ್ಕಿರುವ ನ್ಯಿರಗೊಂಗೊ ಜ್ವಾಲಾಮುಖಿ 2002ರ ಜನವರಿ 17ರಂದು ಸಿಡಿದು, ಲಾವಾ ಊರಿನ ನಡುವೆಯೇ ಹರಿದು ಸರೋವರವನ್ನು ಸೇರಿತು. ಜನ ಮರಳಿ ಬಂದು ಆ ಗಟ್ಟಿಯಾದ ಲಾವಾದ ಮೇಲೆಯೇ ಮನೆ ಕಟ್ಟಿಕೊಂಡರು, ಅದನ್ನೇ ಒಡೆದು ಕಾಂಪೌಂಡ್ ಗೋಡೆಗಳನ್ನು ಎಬ್ಬಿಸಿದರು. ಅಂಥ ಕಪ್ಪು ನೆಲದ ಮೇಲೆ ಅಚ್ಚ ಬಿಳಿ ವಾಹನವೊಂದು ನಿಂತರೆ, ನೋಡುವವನ ಕಣ್ಣನ್ನು ಸೆಳೆಯಲು ನೀನು ಬೇರೇನೂ ಮಾಡಬೇಕಾಗಿಲ್ಲ. ಮೊದಲ ಡಯೊರಾಮಾದಲ್ಲಿ ವಾಹನ, ಮಣ್ಣು, ಗೋಡೆ ಎಲ್ಲವೂ ಒಂದೇ ಕಂದುಹಸಿರಾಗಿ ಬೆರೆತುಹೋಗುವ ಅಪಾಯ ಹೆಚ್ಚು. ಇಲ್ಲಿ ಸ್ಥಳದ ಚರಿತ್ರೆಯೇ ಆ ತೊಡಕನ್ನು ನಿವಾರಿಸಿಬಿಡುತ್ತದೆ.

ಆ ಊರಿನಲ್ಲಿ ಇನ್ನೊಂದು ವಸ್ತುವಿದೆ, ಅದನ್ನು ಬಿಡಬೇಡ. ಅದರ ಹೆಸರು ಚುಕುಡು. ಪೂರ್ತಿ ಮರದಲ್ಲಿ ಮಾಡಿದ, ಎರಡು ಗಾಲಿಯ, ಸುಮಾರು ಎರಡು ಮೀಟರ್ ಉದ್ದದ ತಳ್ಳುಬಂಡಿ ಅದು. ಅಗಲವಾದ ಒಂದು ಹಲಗೆ, ಮುಂದೆ ಕೊಂಬಿನಂತೆ ಚಾಚಿದ ಹಿಡಿ, ಮರದ ಗಾಲಿಗಳಿಗೆ ಹಳೆಯ ಟೈರಿನಿಂದ ಕತ್ತರಿಸಿ ಹೊಡೆದ ರಬ್ಬರಿನ ಪಟ್ಟಿ. ಇಳಿಜಾರಿನಲ್ಲಿ ಅದರ ಮೇಲೆ ಮೊಣಕಾಲೂರಿ ಇಳಿಯುತ್ತಾರೆ, ಏರಿನಲ್ಲಿ ತಳ್ಳುತ್ತಾರೆ. ಇದ್ದಿಲು, ಆಲೂಗಡ್ಡೆ, ಸೌದೆ, ಎಲ್ಲವನ್ನೂ ಕ್ವಿಂಟಾಲುಗಟ್ಟಲೆ ಅದರಲ್ಲೇ ಸಾಗಿಸುತ್ತಾರೆ. ಆ ಊರಿನವರಿಗೆ ಅದರ ಮೇಲೆ ಎಷ್ಟು ಅಭಿಮಾನವೆಂದರೆ ವೃತ್ತವೊಂದರಲ್ಲಿ ಚುಕುಡು ತಳ್ಳುವವನ ಚಿನ್ನದ ಬಣ್ಣದ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ನಮ್ಮ ಅಳತೆಯಲ್ಲಿ ಚುಕುಡು ಆರು ಸೆಂಟಿಮೀಟರಿಗೆ ಬರುತ್ತದೆ. ಇದಕ್ಕೆ ಪ್ಲಾಸ್ಟಿಕ್ ಬೇಡ. ಐಸ್‌ಕ್ರೀಮ್ ಕಡ್ಡಿಯನ್ನು ಸೀಳಿ ಹಲಗೆ ಮಾಡು, ತೆಳುವಾದ ದುಂಡು ಕಡ್ಡಿಯನ್ನು ಬಿಲ್ಲೆಗಳಾಗಿ ಕೊಯ್ದು ಗಾಲಿ ಮಾಡು, ಮರಳು ಕಾಗದದಲ್ಲಿ ಅಂಚುಗಳನ್ನು ಸವೆಸು, ಕಪ್ಪು ಚಾರ್ಟ್ ಪೇಪರಿನ ಕಿರಿದಾದ ಪಟ್ಟಿಯನ್ನು ಗಾಲಿಗೆ ಸುತ್ತು. ಮೂಟೆಗಳನ್ನು ಎಂ-ಸೀಲ್‌ನಲ್ಲಿ ಮಾಡಿ, ಅದು ಗಟ್ಟಿಯಾಗುವ ಮುನ್ನ ಹಳೆಯ ಹತ್ತಿಬಟ್ಟೆಯನ್ನು ಮೇಲೊತ್ತಿ ತೆಗೆದರೆ ನೇಯ್ಗೆಯ ಗುರುತು ತಾನೇ ಮೂಡುತ್ತದೆ.

ಈಗ ನಾನು ಬಹಳ ಮುಖ್ಯವೆಂದು ನಂಬಿರುವ ಮಾತಿಗೆ ಬರುತ್ತೇನೆ. ನಿನ್ನ ಹನ್ನೆರಡು ಮಂದಿಯ ಬದಲು ನಾಲ್ವರು ಸಾಕು: ಗೋಪುರದ ಮುಚ್ಚಳ ತೆರೆದು ಎದೆಮಟ್ಟ ಕಾಣುವ ವಾಹನದ ಕಮಾಂಡರ್, ಕೆಳಗೆ ರಸ್ತೆಯಂಚಿನಲ್ಲಿ ನಿಂತಿರುವ ಇಬ್ಬರು ಸೈನಿಕರು, ಮತ್ತು ಮುಂದೆ ಚುಕುಡು ತಳ್ಳಿಕೊಂಡು ಹೋಗುತ್ತಿರುವ ಒಬ್ಬ ಯುವಕ. ಕಾಗದದ ಮೇಲೆ ಈ ನಾಲ್ವರನ್ನು ಮೇಲಿನಿಂದ ಕಂಡಂತೆ ಗುರುತಿಸಿ, ಪ್ರತಿಯೊಬ್ಬರ ಕಣ್ಣಿನಿಂದ ಅವರು ನೋಡುತ್ತಿರುವ ಕಡೆಗೆ ಒಂದೊಂದು ಗೆರೆ ಎಳೆ. ಕಮಾಂಡರ್ ದೂರದ ರಸ್ತೆಯನ್ನು ನೋಡುತ್ತಿದ್ದಾನೆ. ಒಬ್ಬ ಸೈನಿಕ ಅದಕ್ಕೆ ವಿರುದ್ಧ ದಿಕ್ಕಿಗೆ ಕಾವಲು ನಿಂತಿದ್ದಾನೆ. ಇನ್ನೊಬ್ಬನ ಕಣ್ಣು ಮಾತ್ರ ಚುಕುಡುವಿನ ಮೇಲಿದೆ. ಆದರೆ ಚುಕುಡು ತಳ್ಳುವವನು ಇವರಲ್ಲಿ ಯಾರನ್ನೂ ನೋಡುತ್ತಿಲ್ಲ. ಅವನ ಗಮನವೆಲ್ಲ ಗಾಲಿಯ ಮುಂದಿನ ನೆಲದ ಮೇಲೆ. 1999ರಲ್ಲಿ ವಿಶ್ವಸಂಸ್ಥೆಯ ಕಾರ್ಯಾಚರಣೆ ಆ ದೇಶದಲ್ಲಿ ಆರಂಭವಾಗಿ, 2010ರ ಜುಲೈಯಲ್ಲಿ ಹೊಸ ಹೆಸರನ್ನೂ ಪಡೆದುಕೊಂಡಿತ್ತು. ನಾವು ತೋರಿಸುವ ದಿನದ ಹೊತ್ತಿಗೆ ಬಿಳಿ ವಾಹನಗಳು ಆ ಯುವಕನ ಬೆಳಗಿನ ದಾರಿಯ ಭಾಗವೇ ಆಗಿಹೋಗಿವೆ, ಅವನಿಗೆ ಅವು ಬೆರಗಿನ ವಸ್ತುಗಳಲ್ಲ. ಅವನನ್ನು ಕೈ ಬೀಸುವವನಂತೆಯೋ, ಸೈನಿಕನಿಂದ ನೀರು ಪಡೆಯುವವನಂತೆಯೋ ಮಾಡಬೇಕೆಂಬ ಆಸೆ ನಿನಗೆ ಬಂದೀತು. ದಯವಿಟ್ಟು ಬೇಡ. ಅವನು ತನ್ನ ಊರಿನಲ್ಲಿ ತನ್ನ ಕೆಲಸದ ಮೇಲೆ ಹೋಗುತ್ತಿರುವವನು. ಅವನ ಭುಜದ ಬಾಗುವಿಕೆಯಲ್ಲಿ, ಒತ್ತಿ ಊರಿದ ಹಿಂದಿನ ಪಾದದಲ್ಲಿ ಆ ಭಾರವನ್ನು ನೀನು ತೋರಿಸಿದರೆ ಅದೇ ಅವನಿಗೆ ಕೊಡುವ ಗೌರವ.

ಅಳತೆಯ ಲೆಕ್ಕವನ್ನು ನಾನೇ ಹಾಕಿ ನೋಡಿದ್ದೇನೆ. ವಾಹನ 6.73 ಮೀಟರ್ ಉದ್ದ, 3.15 ಮೀಟರ್ ಅಗಲ. 35ರಿಂದ ಭಾಗಿಸಿದರೆ ಸುಮಾರು 19 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ. ಹಲಗೆಯ ಅಂಚಿಗೆ ಸಮಾನಾಂತರವಾಗಿ ಅದನ್ನು ನಿಲ್ಲಿಸಿದರೆ ಅಂಗಡಿಯ ಕಪಾಟಿನಲ್ಲಿ ಜೋಡಿಸಿಟ್ಟಂತೆ ಕಾಣುತ್ತದೆ. 25 ಡಿಗ್ರಿಯಷ್ಟು ಓರೆಯಾಗಿಸಿದರೆ ಅದು ಹಿಡಿಯುವ ಜಾಗ 21ಕ್ಕೆ 16 ಸೆಂಟಿಮೀಟರ್ ಆಗುತ್ತದೆ. ಹಲಗೆ 30ಕ್ಕೆ 24 ಇದ್ದರೆ ಮುಂದೆ ಚುಕುಡು ಸಾಗಲು ರಸ್ತೆಗೂ ಹಿಂದೆ ಒಂದು ಗೋಡೆಗೂ ಸರಿಯಾದ ಜಾಗ ಉಳಿಯುತ್ತದೆ. ಇದಕ್ಕಿಂತ ದೊಡ್ಡದು ಬೇಡ, ಖಾಲಿ ಜಾಗವನ್ನು ತುಂಬಲು ಸಂಬಂಧವಿಲ್ಲದ ಡ್ರಮ್ಮು, ಪೆಟ್ಟಿಗೆಗಳನ್ನು ತಂದಿಡಬೇಕಾಗುತ್ತದೆ. ಹಿಂದಿನ ಗೋಡೆ ನಿಜದಲ್ಲಿ ಎರಡು ಮೀಟರ್ ಎಂದಿಟ್ಟುಕೊಂಡರೆ ಇಲ್ಲಿ ಐದೂಮುಕ್ಕಾಲು ಸೆಂಟಿಮೀಟರಿಗೆ ಕಡಿಮೆ, ಬಿಎಂಪಿಯ ಗೋಪುರ ಏಳರ ಹತ್ತಿರ. ಹೀಗಾಗಿ ಕಮಾಂಡರ್‌ನ ತಲೆ ಗೋಡೆಯ ಮೇಲಕ್ಕೆ ಸ್ಪಷ್ಟವಾಗಿ ಕಾಣುತ್ತದೆ.

ಏನನ್ನಾದರೂ ಕೊಳ್ಳುವ ಮುನ್ನ ಇವೆಲ್ಲವನ್ನೂ ರಟ್ಟಿನಲ್ಲಿ ಮಾಡಿ ನೋಡು. ಸ್ವೀಟ್ ಅಂಗಡಿಯ ಡಬ್ಬದ ರಟ್ಟು ಸಾಕು. ವಾಹನದ ಬದಲು ಅದೇ ಅಳತೆಯ ಪೆಟ್ಟಿಗೆ, ಮನುಷ್ಯರ ಬದಲು ಐದು ಸೆಂಟಿಮೀಟರ್ ಎತ್ತರದ ಚೂರುಗಳು. ಮೇಜಿನ ಮೇಲಿಟ್ಟು, ನೀನು ಕೆಳಗೆ ಕುಳಿತು, ಕಣ್ಣನ್ನು ರಟ್ಟಿನ ಸೈನಿಕನ ಕಣ್ಣಿನ ಮಟ್ಟಕ್ಕೆ ತಂದು ನೋಡು. ಮೇಲಿನಿಂದ ಸರಿಯೆನಿಸಿದ್ದು ಆ ಮಟ್ಟದಿಂದ ಎಷ್ಟೋ ಸಲ ಒಂದರ ಹಿಂದೊಂದು ಮರೆಯಾಗಿಬಿಡುತ್ತದೆ.

ನೆಲಕ್ಕೆ ಬೇಕಾದ ಸಾಮಾನು ಹಾರ್ಡ್‌ವೇರ್ ಅಂಗಡಿಯಲ್ಲೂ ಕಟ್ಟಡ ಕಟ್ಟುವ ಕಡೆಯಲ್ಲೂ ಸಿಗುತ್ತದೆ. ಪ್ಲೈವುಡ್ ಹಲಗೆಯ ಮೇಲೆ ಒತ್ತಾದ ಫೋಮ್ ಹಾಳೆಯನ್ನು ಫೆವಿಕಾಲ್‌ನಿಂದ ಅಂಟಿಸು. ಥರ್ಮಾಕೋಲ್ ಬೇಡ, ಕೊಯ್ದಾಗ ಕಾಳುಕಾಳಾಗಿ ಉದುರುತ್ತದೆ. ರಸ್ತೆಗೆ ಎಂ-ಸ್ಯಾಂಡನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ಬಳಸು. ಒಂದು ಮಿಲಿಮೀಟರಿನ ಹರಳು ನಮ್ಮ ಅಳತೆಯಲ್ಲಿ ಮೂರೂವರೆ ಸೆಂಟಿಮೀಟರಿನ ಜಲ್ಲಿಯಾಗುತ್ತದೆ ಎಂಬುದು ನೆನಪಿರಲಿ. ಲಾವಾದ ಕಲ್ಲಿಗೆ ಇದ್ದಿಲನ್ನು ಪುಡಿಮಾಡಿ ಹಾಕಬಹುದೆಂದು ಅನೇಕರಿಗೆ ತೋಚುತ್ತದೆ, ಆದರೆ ಹತ್ತಿರದಿಂದ ನೋಡಿದರೆ ಇದ್ದಿಲಿನಲ್ಲಿ ಮರದ ಎಳೆ ಕಾಣುತ್ತದೆ. ಲಾವಾದಲ್ಲಿ ಎಳೆಯಿಲ್ಲ, ಅನಿಲದ ಗುಳ್ಳೆ ಬಿಟ್ಟುಹೋದ ಸಣ್ಣ ತೂತುಗಳಿರುತ್ತವೆ. ಆದ್ದರಿಂದ ಪ್ಲಾಸ್ಟರ್ ಆಫ್ ಪ್ಯಾರಿಸ್ಸನ್ನು ತಟ್ಟೆಯಲ್ಲಿ ತೆಳುವಾಗಿ ಹುಯ್ದು, ಪೂರ್ತಿ ಬಿಗಿಯುವ ಮುನ್ನ ಹಳೆಯ ಹಲ್ಲುಜ್ಜುವ ಬ್ರಷ್ಷಿನ ಗಟ್ಟಿ ಕೂದಲಿನಿಂದ ಚುಚ್ಚಿ, ಒಣಗಿದ ಮೇಲೆ ಕೈಯಿಂದಲೇ ಮುರಿ. ಬಣ್ಣ ಅಚ್ಚಗಪ್ಪಾಗಿರಬಾರದು. ಕಪ್ಪಿಗೆ ಬೂದು, ಅಲ್ಲಲ್ಲಿ ಚೂರು ಕೆಂಗಂದು ಸೇರಿಸಿ, ಕೊನೆಗೆ ಒಣ ಬ್ರಷ್ಷಿನಲ್ಲಿ ತಿಳಿಬೂದನ್ನು ಏರುಭಾಗಗಳ ಮೇಲೆ ಮಾತ್ರ ಸವರು. ಲಾವಾ ಗಟ್ಟಿ ನೆಲವಾದ್ದರಿಂದ ಅದರ ಮೇಲೆ ವಾಹನದ ಗಾಲಿಗಳನ್ನು ಸುತ್ತುವ ಚೈನು ಹೂತುಕೊಳ್ಳುವುದಿಲ್ಲ, ಗೀರು ಬೀಳುತ್ತದೆ ಅಷ್ಟೆ. ರಸ್ತೆಯಂಚಿನ ಪುಡಿಮಣ್ಣಿನಲ್ಲಿ ಮಾತ್ರ ಅದರ ಅಚ್ಚು ಮೂಡಬೇಕು. ಜುಲೈ ಅಲ್ಲಿ ಮಳೆ ಕಡಿಮೆಯ ಕಾಲ, ಹಾಗಾಗಿ ಕೆಸರು ಬೇಡ, ಬೂದುಗಪ್ಪು ಧೂಳು ಸಾಕು. ಕಲ್ಲುಗಳ ಸಂದಿಯಲ್ಲಿ ಸ್ವಲ್ಪ ಹಸಿರು ಇರಲಿ.

ಬಿಳಿ ಬಣ್ಣವೇ ಈ ಕೆಲಸದಲ್ಲಿ ಕಠಿಣವಾದದ್ದು, ಅದಕ್ಕೆ ಸಾಕಷ್ಟು ಸಮಯವನ್ನು ಮೀಸಲಿಡು. ಮೊದಲು ತಿಳಿಬೂದು ಪ್ರೈಮರ್, ಅದರ ಮೇಲೆ ಬಹಳ ತೆಳುವಾದ ಹಲವು ಪದರಗಳು, ಪ್ರತಿಯೊಂದೂ ಪೂರ್ತಿ ಒಣಗಿದ ಮೇಲೆ ಮುಂದಿನದು. ಮ್ಯಾಟ್ (ಹೊಳಪಿಲ್ಲದ) ಬಿಳಿಗೆ ಒಂದೆರಡು ಹನಿ ಬೂದನ್ನು ಬೆರೆಸಿದರೆ, ಮುಂದೆ ಅಂಚುಗಳಲ್ಲಿ ಶುದ್ಧ ಬಿಳಿಯನ್ನು ಎತ್ತಿ ತೋರಿಸಲು ಅವಕಾಶ ಉಳಿಯುತ್ತದೆ. ಫಲಕಗಳ ಸಂದಿಗೆ ಕಪ್ಪು ವಾಶ್ (ಸಂದಿಗಳಲ್ಲಿ ಇಳಿಯುವಂತೆ ಬಹಳ ತೆಳುಮಾಡಿದ ಬಣ್ಣ) ಹಾಕಬೇಡ, ಗೆರೆ ಎಳೆದ ಚಿತ್ರದಂತಾಗುತ್ತದೆ, ಬೂದುಗಂದು ಸಾಕು. ಇಡೀ ವಾಹನವನ್ನು ತುಕ್ಕು ಹಿಡಿಸುವ ಅಭ್ಯಾಸ ಮಾದರಿಕಾರರಲ್ಲಿದೆ. ಶಾಂತಿಪಾಲನಾ ಪಡೆಯ ವಾಹನ ದೂರದಿಂದಲೇ ಎದ್ದು ಕಾಣಲೆಂದು ಬಿಳಿಯಾಗಿರುವುದು, ಅದನ್ನು ಕೊಳೆಯಲ್ಲಿ ಮುಚ್ಚಿದರೆ ಅದರ ಉದ್ದೇಶವನ್ನೇ ಮುಚ್ಚಿದಂತೆ. ಕೆಳಭಾಗ, ಗಾಲಿಗಳು, ಸೈನಿಕರು ಹತ್ತಿಳಿಯುವ ಜಾಗ, ಇಷ್ಟೇ ಕೊಳೆಯಾಗಲಿ. ಪಕ್ಕದಲ್ಲಿ ಯುಎನ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳು ಕಪ್ಪಿನಲ್ಲಿ ದೊಡ್ಡದಾಗಿರಬೇಕು. ಅವುಗಳ ಜಾಗ ಮತ್ತು ಗಾತ್ರವನ್ನು ಆ ಕಾಲದ ಛಾಯಾಚಿತ್ರವನ್ನು ಎದುರಿಗಿಟ್ಟುಕೊಂಡೇ ನಿರ್ಧರಿಸು. ವಿಶ್ವಸಂಸ್ಥೆಯೇ ಪ್ರಕಟಿಸಿರುವ ಚಿತ್ರಗಳು ಬೇಕಾದಷ್ಟಿವೆ. ಹಿಂದಿನ ಬಾಗಿಲುಗಳು ಮುಚ್ಚಿರಲಿ, ತೆರೆದರೆ ಒಳಕೋಣೆಯನ್ನೆಲ್ಲ ಕಟ್ಟಬೇಕಾಗುತ್ತದೆ, ಅದು ಇನ್ನೊಂದು ಕಿಟ್ಟಿನಷ್ಟೇ ಕೆಲಸ.

ಸೈನಿಕರಿಗಾಗಿ ಬೇರೆ ದೇಶದ ಆಧುನಿಕ ಕಾಲಾಳುಗಳ ಕಿಟ್ಟಿನಿಂದ ಸರಿಯಾದ ಭಂಗಿಯವರನ್ನು ಆರಿಸಿ ಮಾರ್ಪಡಿಸಿಕೋ. ಇಬ್ಬರಲ್ಲಿ ಒಬ್ಬನಿಗೆ ನೀಲಿ ಹೆಲ್ಮೆಟ್ಟು, ಇನ್ನೊಬ್ಬ ಸಿಖ್ ಸೈನಿಕನಾಗಿರಲಿ. ವಿಶ್ವಸಂಸ್ಥೆಯ ಕರ್ತವ್ಯದಲ್ಲಿ ಅವರು ಅದೇ ತಿಳಿನೀಲಿಯ ಪಗಡಿ ಧರಿಸುತ್ತಾರೆ. ಎಂ-ಸೀಲ್‌ನ ತೆಳು ಪಟ್ಟಿಗಳನ್ನು ಹಣೆಯ ನಡುವಿನಿಂದ ಎರಡೂ ಕಡೆಗೆ ಒಂದರ ಮೇಲೊಂದು ಓರೆಯಾಗಿ ಸುತ್ತುತ್ತ ಹೋಗು, ಒಂದೇ ಉಂಡೆಯ ಮೇಲೆ ಗೆರೆ ಕೊರೆದರೆ ಪಗಡಿಯಾಗದು. ಅವರ ಕೈಯ ಇನ್ಸಾಸ್ ಬಂದೂಕು ನಮ್ಮ ಅಳತೆಯಲ್ಲಿ ಎರಡೂಮುಕ್ಕಾಲು ಸೆಂಟಿಮೀಟರ್ ಇರಬೇಕು, ನಳಿಗೆ ಕೆಳಮುಖವಾಗಿರಬೇಕು. ಈ ಸೇವೆ ಮಾಡಿ ಬಂದವರು ಈಗಲೂ ನಮ್ಮ ನಡುವೆ ಇದ್ದಾರೆ. ಅವರಲ್ಲೊಬ್ಬರು ನಿನ್ನ ಕೆಲಸದ ಮುಂದೆ ನಿಂತು ನೋಡಿಯಾರು ಎಂಬ ಎಚ್ಚರದಲ್ಲಿ ಪ್ರತಿಯೊಂದನ್ನೂ ಮಾಡು.

ಬಣ್ಣವೆಲ್ಲ ಮುಗಿಯುವವರೆಗೆ ಯಾವುದನ್ನೂ ಹಲಗೆಗೆ ಅಂಟಿಸಬೇಡ. ಪ್ರತಿಯೊಬ್ಬನ ಒಂದು ಪಾದಕ್ಕೆ ಸಣ್ಣ ತಂತಿಯ ಚೂರು ಸೇರಿಸಿದರೆ ನೆಲದಲ್ಲಿ ಚುಚ್ಚಿ ಜಾಗ ಬದಲಿಸಿ ನೋಡಬಹುದು. ಥಿನ್ನರ್ ಬಳಸುವಾಗ ಕಿಟಕಿ ತೆರೆದಿರಲಿ, ಮುಖಗವಸು ಹಾಕಿಕೋ, ಬ್ಲೇಡನ್ನು ಮೈಯಿಂದ ಆಚೆಗೇ ಎಳೆ.

ರಟ್ಟಿನ ಮಾದರಿ ಸಿದ್ಧವಾದ ಕೂಡಲೇ ಕಣ್ಣಿನ ಮಟ್ಟದಿಂದ ನಾಲ್ಕೂ ಬದಿಯ ಫೋಟೋ ತೆಗೆದು ಕಳುಹಿಸು. ಚುಕುಡು ಎಡದಿಂದ ಬಲಕ್ಕೆ ಹೋಗಬೇಕೋ ಬಲದಿಂದ ಎಡಕ್ಕೋ ಎಂಬುದನ್ನು ನಾನು ಬೇಕೆಂದೇ ಹೇಳಿಲ್ಲ. ಎರಡನ್ನೂ ಇಟ್ಟು ನೋಡಿ, ನಿನಗೆ ಯಾವುದು ಸರಿಯೆನಿಸಿತು, ಏಕೆ ಎಂದು ಬರೆ. ಆಮೇಲೆ ಕಿಟ್ ತರಿಸೋಣ.

ನಿನ್ನ
ಅಮ್ಮ