ಟೆಸ್ಟ್ ನಿಧಾನವಾದರೆ ಮೊದಲು ‘ಸಿಡಿ’ ಸಾಲು ನೋಡಿ

ಮಾನ್ಯ ಸಂಪಾದಕರೇ,

ಪರೀಕ್ಷಿಸುವ ಕೋಡ್ ಬದಲಾಗಿಲ್ಲ, ಹೊಸ ಟೆಸ್ಟ್ ಸೇರಿಲ್ಲ. ಆದರೂ ಅರ್ಧ ನಿಮಿಷಕ್ಕೆ ಮುಗಿಯುತ್ತಿದ್ದ ಟೆಸ್ಟ್ ರನ್ ಐದು ನಿಮಿಷ ಎಳೆಯುತ್ತದೆ. ಇಂಥಲ್ಲಿ ಯಂತ್ರವನ್ನು ದೂರುವ ಮೊದಲು, ಟೆಸ್ಟ್ ಓಡಿಸುವ ಸ್ಕ್ರಿಪ್ಟಿನೊಳಗೆ ಯಾರಾದರೂ ‘ಸಿಡಿ’ (ಡೈರೆಕ್ಟರಿ, ಅಂದರೆ ಫೋಲ್ಡರ್ ಬದಲಿಸುವ ಕಮಾಂಡ್) ಸಾಲು ಸೇರಿಸಿದ್ದಾರೆಯೇ ನೋಡಬೇಕು. ಡೈರೆಕ್ಟರಿ ಬದಲಿಸಿದರೆ ಏನೂ ಆಗದು ಎಂಬಂತೆ ಹೊಸಬರಿಗೆ ಕಲಿಸಲಾಗುತ್ತಿದೆ. ಅದು ತಪ್ಪು.

ಸಿಡಿ ಮಾಡುವುದು ಮುಖ್ಯವಾಗಿ ಒಂದು ಸಿಸ್ಟಂ ಕಾಲ್, ಅಂದರೆ ಆಪರೇಟಿಂಗ್ ಸಿಸ್ಟಂಗೆ ಒಂದು ಕರೆ. ಲೋಕಲ್ ಡಿಸ್ಕಿನಲ್ಲಿ ಅದು ಮೈಕ್ರೋಸೆಕೆಂಡುಗಳ ಮಾತು. ಸಮಯ ಹೋಗುವುದು ಅದಾದ ಮೇಲೆ, ಸದ್ಯದ ಡೈರೆಕ್ಟರಿಯನ್ನೇ ನಂಬಿ ಒಂದೊಂದು ಟೂಲೂ ನಡೆಸುವ ಹುಡುಕಾಟದಲ್ಲಿ.

ಪೈಥಾನ್ ಟೆಸ್ಟ್‌ಗಳನ್ನು ಹುಡುಕಿ ಓಡಿಸುವ ಪೈಟೆಸ್ಟನ್ನೇ ನೋಡಿ. ಪ್ರಾಜೆಕ್ಟಿನ ಒಂದು ಮೆಟ್ಟಿಲು ಮೇಲಿನ ಫೋಲ್ಡರಿಗೆ ಹೋಗಿ ಯಾವ ಪಾತ್ ಕೊಡದೆ ಓಡಿಸಿದರೆ, ಕೆಳಗಿರುವ ಕಾನ್ಫಿಗ್ ಫೈಲ್ ಅದರ ಕಣ್ಣಿಗೆ ಬೀಳುವುದಿಲ್ಲ. ‘ಟೆಸ್ಟ್‌ಪಾತ್ಸ್’ ಎಂದು ಅಲ್ಲಿ ಬರೆದಿಟ್ಟ ಟೆಸ್ಟ್ ಫೋಲ್ಡರುಗಳ ಪಟ್ಟಿ ವ್ಯರ್ಥ. ಅಕ್ಕಪಕ್ಕದ ಪ್ರಾಜೆಕ್ಟುಗಳನ್ನೂ ಸೇರಿಸಿ ಇಡೀ ಮರವನ್ನು ಜಾಲಾಡುತ್ತದೆ. ಔಟ್‌ಪುಟ್ಟಿನ ಮೇಲ್ತುದಿಯಲ್ಲಿ ‘ರೂಟ್‌ಡಿರ್’ ಎಂಬ ಸಾಲಿದೆ (ಪೈಟೆಸ್ಟ್ ಬುಡವೆಂದು ಹಿಡಿದ ಫೋಲ್ಡರ್), ಹೆಚ್ಚಿನವರು ಓದುವುದೇ ಇಲ್ಲ. ಅಲ್ಲಿ ನಿಮ್ಮ ಪ್ರಾಜೆಕ್ಟಿನ ಬದಲು ಅದರ ಮೇಲಿನ ಫೋಲ್ಡರ್ ಕಂಡರೆ ಕಾರಣ ಸಿಕ್ಕಂತೆಯೇ. ‘ಕಲೆಕ್ಟ್ ಓನ್ಲಿ’ ಆಯ್ಕೆ ಕೊಟ್ಟು ಬರಿ ಹುಡುಕಾಟಕ್ಕೆ ಹಿಡಿದ ಹೊತ್ತನ್ನು ಬೇರೆಯಾಗಿ ಅಳೆಯಿರಿ.

ಎರಡನೆಯದು ಕ್ಯಾಶ್, ಅಂದರೆ ಮತ್ತೆ ಬಳಸಲು ಉಳಿಸಿಟ್ಟ ಹಳೆಯ ಫಲಿತಾಂಶ. ಪೈಥಾನ್ ಕೋಡಿನ ಟೈಪ್ ಪರೀಕ್ಷಿಸುವ ಮೈಪೈ ತನ್ನ ಕ್ಯಾಶನ್ನು ಸದ್ಯದ ಡೈರೆಕ್ಟರಿಯಲ್ಲೇ ಇಡುತ್ತದೆ. ಜಾಗ ಬದಲಾದರೆ ಹಳೆಯದು ಸಿಗದೆ ಮೊದಲಿನಿಂದ ಶುರು. ಸಿ, ಸಿ++ ಕಂಪೈಲ್ ಫಲಿತಾಂಶ ಉಳಿಸಿಡುವ ಸಿಕ್ಯಾಶ್ ಇನ್ನೂ ಸೂಕ್ಷ್ಮ. ಡಿಬಗ್ ಮಾಹಿತಿಯೊಂದಿಗೆ ಕಂಪೈಲ್ ಮಾಡುವಾಗ ಅದು ಡೈರೆಕ್ಟರಿಯ ಹೆಸರನ್ನೂ ಹ್ಯಾಶ್‌ಗೆ (ಹಳೆಯ ಫಲಿತಾಂಶವನ್ನು ಗುರುತಿಸುವ ಸಂಕೇತಕ್ಕೆ) ಸೇರಿಸುತ್ತದೆ. ಪ್ರತಿ ಸಲ ಹೊಸ ಟೆಂಪ್ ಫೋಲ್ಡರಿಗೆ ಸಿಡಿ ಮಾಡಿ ಬಿಲ್ಡ್ ಮಾಡಿದರೆ ಪ್ರತಿ ಸಲವೂ ಮಿಸ್ಸೇ, ಹಳೆಯದು ಸಿಗುವುದೇ ಇಲ್ಲ. ಸಿಕ್ಯಾಶ್‌ನ ಅಂಕಿಅಂಶ ತೆಗೆದು ನೋಡಿ. ಹಿಟ್ ಸೊನ್ನೆಯ ಹತ್ತಿರವಿದ್ದರೆ ‘ಬೇಸ್‌ಡಿರ್’ ಹೊಂದಿಸಿ, ‘ಹ್ಯಾಶ್‌ಡಿರ್’ ಸೆಟ್ಟಿಂಗ್ ಆಫ್ ಮಾಡಬೇಕು.

ಹೋದ ಜಾಗ ನೆಟ್‌ವರ್ಕ್ ಡ್ರೈವ್ ಆಗಿದ್ದರಂತೂ ಪ್ರತಿ ರಿಲೇಟಿವ್ ಪಾತ್ (ಸದ್ಯದ ಡೈರೆಕ್ಟರಿಯಿಂದ ಶುರುವಾಗುವ ವಿಳಾಸ) ಸರ್ವರಿನ ಬಾಗಿಲು ತಟ್ಟಬಹುದು. ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್ 2ರಲ್ಲಿ ಲಿನಕ್ಸ್ ಹೋಮ್ ಬಿಟ್ಟು ವಿಂಡೋಸ್‌ನ ಸಿ ಡ್ರೈವಿಗೆ ಹೋದರೂ ಅದೇ ಪಾಡು.

ಸಿಡಿಯೇ ಅಸಲಿಯೋ ಎಂಬುದನ್ನೂ ಪರೀಕ್ಷಿಸಿ. ‘ಟೈಪ್ ಸಿಡಿ’ ಎಂದು ಕೊಟ್ಟಾಗ ಬಿಲ್ಟಿನ್ (ಕಮಾಂಡ್ ಓಡಿಸುವ ಶೆಲ್ಲಿನದೇ ಸ್ವಂತದ್ದು) ಎನ್ನದೆ ಫಂಕ್ಷನ್ ಎಂದರೆ, ರೂಬಿ ಭಾಷೆಯ ಆರ್‌ವಿಎಂನಂಥ ವರ್ಷನ್ ಮ್ಯಾನೇಜರ್ ಒಳಗೆ ಕೂತು ಪ್ರತಿ ಹೆಜ್ಜೆಗೂ ತನ್ನ ಸ್ಕ್ರಿಪ್ಟ್ ಓಡಿಸುತ್ತಿರಬಹುದು. ‘ಬಿಲ್ಟಿನ್ ಸಿಡಿ’ ಎಂದು ಬರೆದು ಮತ್ತೆ ಅಳೆದರೆ ವ್ಯತ್ಯಾಸ ತಿಳಿಯುತ್ತದೆ.

ಊಹೆ ಬೇಡ, ಅಳತೆಯೇ ಇರಲಿ. ನಿಮ್ಮ ಶೆಲ್ ಬ್ಯಾಶ್ 5.0 ಅಥವಾ ಅದಕ್ಕಿಂತ ಹೊಸದಿದ್ದರೆ ಟ್ರೇಸಿನ ಪ್ರತಿ ಸಾಲಿನ ಮುಂದೆ ಬರುವ ಪಿಎಸ್4 ವೇರಿಯಬಲ್‌ಗೆ ‘ಇಪಾಕ್‌ರಿಯಲ್‌ಟೈಮ್’ (ಆ ಕ್ಷಣದ ಸಮಯ) ಸೇರಿಸಿ, ಓಡುವ ಪ್ರತಿ ಸಾಲನ್ನೂ ತೋರಿಸುವ ಟ್ರೇಸ್ ಮೋಡಿನಲ್ಲಿ ಓಡಿಸಿ. ಪ್ರತಿ ಸಾಲಿನ ಮುಂದೆ ಸಮಯ ಮೂಡುತ್ತದೆ. ಎರಡು ಸಾಲುಗಳ ನಡುವಿನ ದೊಡ್ಡ ಅಂತರವೇ ಕಳ್ಳ ಅಡಗಿರುವ ಜಾಗ. ಅಲ್ಲಿ ಸಿಸ್ಟಂ ಕಾಲ್‌ಗಳನ್ನು ತೋರಿಸುವ ಸ್ಟ್ರೇಸ್ ಹಾಕಿದರೆ ಸಾವಿರಾರು ‘ಫೈಲ್ ಇಲ್ಲ’ ಉತ್ತರಗಳು ಸಾಲುಸಾಲಾಗಿ ಕಾಣುತ್ತವೆ.

ಪರಿಹಾರ ಸರಳ. ಇಡೀ ಸ್ಕ್ರಿಪ್ಟನ್ನು ಎತ್ತಿ ಬೇರೆಡೆ ಕೂರಿಸಬೇಡಿ, ಬೇಕಾದ ಕಮಾಂಡಿಗೆ ಮಾತ್ರ ಜಾಗ ಹೇಳಿ. ಗಿಟ್, ಮೇಕ್ ಎಂಬ ಟೂಲುಗಳೆರಡಕ್ಕೂ ದೊಡ್ಡಕ್ಷರದ ಸಿ ಆಯ್ಕೆ ಇದೆ. ಸಿಡಿ ಬೇಕೇ ಬೇಕೆಂದಾದರೆ ಅದನ್ನು ಕಂಸದೊಳಗಿನ, ಅಂದರೆ ಪ್ರತ್ಯೇಕವಾಗಿ ಓಡುವ, ಸಬ್‌ಶೆಲ್ಲಿನಲ್ಲಿಡಿ. ಹೊರಬಂದಾಗ ಹಳೆಯ ಜಾಗ ಹಾಗೇ ಇರುತ್ತದೆ. ಪೈಥಾನಿನಲ್ಲಿ ಬೇರೆ ಕಮಾಂಡ್ ಓಡಿಸುವ ಸಬ್‌ಪ್ರಾಸೆಸ್‌ಗೆ ‘ಸಿಡಬ್ಲ್ಯುಡಿ’ (ಅದು ಓಡಬೇಕಾದ ಡೈರೆಕ್ಟರಿ) ಕೊಡಿ. ಟೆಸ್ಟಿನೊಳಗೆ ಡೈರೆಕ್ಟರಿ ಬದಲಿಸುವ ‘ಓಎಸ್ ಚ್‌ಡಿರ್’ ಬರೆದು ಹಿಂತಿರುಗಲು ಮರೆತರೆ ಮುಂದಿನ ಟೆಸ್ಟ್‌ಗಳೆಲ್ಲ ತಪ್ಪು ಜಾಗದಲ್ಲಿ ಓಡುತ್ತವೆ; ಆ ಬದಲಾವಣೆ ಇಡೀ ಪ್ರಾಸೆಸ್ಸಿಗೆ ತಟ್ಟುವುದರಿಂದ ಬೇರೆ ಥ್ರೆಡ್‌ಗಳೂ ಸಿಕ್ಕಿಬೀಳುತ್ತವೆ. ಪೈಟೆಸ್ಟಿನ ಮಂಕಿಪ್ಯಾಚ್ ಎಂಬ ಸೌಲಭ್ಯದಿಂದ ಡೈರೆಕ್ಟರಿ ಬದಲಿಸಿದರೆ ಅದು ಟೆಸ್ಟ್ ಮುಗಿದೊಡನೆ ತಾನೇ ಹಳೆಯ ಜಾಗಕ್ಕೆ ಮರಳಿಸುತ್ತದೆ.

ತಮ್ಮ ತಂತ್ರಜ್ಞಾನ ಪುಟದಲ್ಲಿ ಶೆಲ್ ಸ್ಕ್ರಿಪ್ಟ್ ಪಾಠ ಪ್ರಕಟಿಸುವಾಗ ಸಿಡಿ ಬರುವ ಕಡೆ ಸಬ್‌ಶೆಲ್ಲಿನ ಕಂಸವನ್ನೂ ಜೊತೆಗೇ ಕಲಿಸಬೇಕೆಂದು ಕೋರುತ್ತೇವೆ.

ಇಂತಿ,
ಟೆಸ್ಟ್ ಆಟೊಮೇಷನ್ ಕ್ಷೇತ್ರದ ಓದುಗರು